ಉದ್ದ ನೋಡಿ ಸಸಿ ತರಬೇಡಿ

1/8

ಉದ್ದ ಇರೋ ಸಸಿ ಅಂದ್ರೆ ಒಳ್ಳೆ ಸಸಿ ಅಲ್ಲ. ಈ ಎಂಟು ಪೋಸ್ಟ್‌ನಲ್ಲಿ ನಾನು ಹೇಳೋಕೆ ಹೊರಟಿರೋದು ಇಷ್ಟೇ. ಈಗಾಗಲೇ ಒಪ್ಪೋರು ಸೇವ್ ಮಾಡ್ಕೊಂಡು ಮುಂದಕ್ಕೆ ಹೋಗಿ. ಒಪ್ಪದೇ ಇರೋರಿಗಾಗಿಯೇ ಉಳಿದ ಏಳು.

ಮೇಲಿನ ಫೋಟೋದಲ್ಲಿ ಎರಡು ಹೊಂಗೆ ಸಸಿ ಇವೆ. ಎಡಗಡೆಯದು ನನ್ನ ಸೊಂಟದ ತನಕ ಇದೆ. ಬಲಗಡೆಯದು ಮೊಣಕಾಲು ಮುಟ್ಟೋದೂ ಕಷ್ಟ. ಮೊನ್ನೆ ಸ್ಟೋರಿಯಲ್ಲಿ ಪೋಲ್ ಇಟ್ಟಿದ್ದೆ, ಎರಡೂ ಒಂದೇ ರೇಟು ಅಂದ್ರೆ ಯಾವುದು ತಗೋತೀರಾ ಅಂತ. ಹೆಚ್ಚಿನವರು ಎಡಗಡೆಯದನ್ನೇ ಒತ್ತಿದ್ರಿ. ನಿಮ್ಮದೇನೂ ತಪ್ಪಿಲ್ಲ, ಎಲ್ಲರ ಕಣ್ಣೂ ಮೊದಲು ಹೋಗೋದು ಎತ್ತರಕ್ಕೇ.

ನಮ್ಮ ತುಮಕೂರಲ್ಲಿ ಜೂನ್ 5 ಬಂದ್ರೆ ಏನಾಗುತ್ತೆ ಅಂತ ನಿಮಗೇ ಗೊತ್ತು. ಗುಂಡಿ, ಬ್ಯಾನರ್, ಮುಖ್ಯ ಅತಿಥಿ, ಹತ್ತು ಕೈ ಸೇರಿ ಹಿಡಿದ ಒಂದು ಸಸಿ, ಕ್ಲಿಕ್. ಆ ಫೋಟೋದಲ್ಲಿ ಚೆನ್ನಾಗಿ ಕಾಣಬೇಕು ಅಂದ್ರೆ ಸಸಿ ಉದ್ದ ಇರಲೇಬೇಕು, ಮೊಣಕಾಲುದ್ದದ ಸಸಿಯನ್ನ ಹತ್ತು ಜನ ಹಿಡಿಯೋಕೆ ಆಗಲ್ಲ. ಆಮೇಲೆ ಸೆಪ್ಟೆಂಬರ್ ಹೊತ್ತಿಗೆ ಆ ಗುಂಡಿ ಹತ್ರ ಹೋಗಿ ನೋಡಿದವರು ಎಷ್ಟು ಜನ? ನಾನು ಹೋಗಿದ್ದೆ. ಬೆರಳಲ್ಲಿ ಎಣಿಸುವಷ್ಟು ಉಳಿದಿದ್ವು. ಸತ್ತವುಗಳಲ್ಲಿ ಹೆಚ್ಚಿನವು ಬುಡದಲ್ಲೇ ಬಾಗಿ, ನೆಲಕ್ಕೆ ಮಲಗಿ, ಒಣಗಿದ್ವು.

"ನೀರು ಹಾಕಿಲ್ಲ, ಅದಕ್ಕೆ" ಅಂತ ಎಲ್ಲರೂ ಹೇಳ್ತಾರೆ. ನೀರಿನ ಮಾತು ನಿಜ. ಆದರೆ ಪಾಲಿಥೀನ್ ಚೀಲದಲ್ಲಿ ಇದ್ದಾಗಲೇ ಅರ್ಧ ಸೋತಿರೋ ಸಸಿಗೆ ನೀರು ಹಾಕಿ ಎಷ್ಟು ದಿನ ಉಳಿಸ್ತೀರಾ? ಆ ಸೋಲು ಎಲ್ಲಿ ಶುರುವಾಗುತ್ತೆ ಅನ್ನೋದು ನನ್ನ ಜಗಳ.

2/8

ಬಿಕಾಂ ಓದೋನಿಗೆ ಕಾಂಡದ ಬಗ್ಗೆ ಏನು ಗೊತ್ತು ಅಂತ ಕೇಳಬಹುದು. ಬಿಎಸ್ಸಿ ಗೆಳೆಯರು ಪಕ್ಕದಲ್ಲೇ ಇದ್ದಾರೆ, ಅವರ ಪುಸ್ತಕವೂ ಇದೆ. ಓದೋಕೆ ಕೋರ್ಸ್ ಅಡ್ಡ ಬರಲ್ಲ.

ಕಾಂಡ ಬೆಳೆಯೋದು ಎರಡು ಥರ. ತುದಿ ಕುಡಿಯ ಹತ್ರ ಹೊಸ ಜೀವಕೋಶ ಹುಟ್ಟಿ, ಹಿಗ್ಗಿ, ಸಸಿ ಉದ್ದ ಆಗುತ್ತೆ. ತೊಗಟೆಯ ಒಳಗಿರೋ ಕ್ಯಾಂಬಿಯಂ ಅನ್ನೋ ತೆಳು ಪದರ ಸುತ್ತಲೂ ಹೊಸ ಕೋಶ ಕಟ್ತಾ ಹೋದ ಹಾಗೆ ಸಸಿ ದಪ್ಪ ಆಗುತ್ತೆ. ಎಷ್ಟು ಉದ್ದ, ಎಷ್ಟು ದಪ್ಪ ಅಂತ ತೀರ್ಮಾನ ಮಾಡೋದರಲ್ಲಿ ಗಿಡವೇ ತಯಾರಿಸೋ ಹಾರ್ಮೋನ್‌ಗಳ ಪಾಲು ದೊಡ್ಡದು. ಅವುಗಳಲ್ಲಿ ಉದ್ದದ ಕೆಲಸಕ್ಕೆ ಹೆಸರಾಗಿರೋದು ಜಿಬ್ಬರೆಲಿನ್.

ಇದರ ಕಥೆ ಶುರುವಾಗೋದು ಭತ್ತದ ಗದ್ದೆಯಲ್ಲಿ. ಜಪಾನಿನ ರೈತರು ಒಂದು ರೋಗ ಕಂಡಿದ್ರು. ರೋಗ ಬಂದ ಭತ್ತದ ಪೈರು ಅಕ್ಕಪಕ್ಕದ ಪೈರಿಗಿಂತ ಸರಸರ ಉದ್ದ ಆಗ್ತಿತ್ತು, ಬಣ್ಣ ಬಿಳಚಿಕೊಳ್ತಿತ್ತು, ಆಮೇಲೆ ಬಿದ್ದು ಸಾಯ್ತಿತ್ತು. ಬದುಕಿದ್ರೂ ಕಾಳು ಕಟ್ತಿರಲಿಲ್ಲ. ಅದಕ್ಕೆ ಅವರಿಟ್ಟ ಹೆಸರು 'ಬಕಾನೆ', ಅಂದ್ರೆ ಪೆದ್ದ ಸಸಿ. 1926ರಲ್ಲಿ ತೈವಾನ್‌ನಲ್ಲಿ ಕೆಲಸ ಮಾಡ್ತಿದ್ದ ಐಚಿ ಕುರೊಸಾವಾ ಅನ್ನೋ ವಿಜ್ಞಾನಿ ಇದಕ್ಕೆ ಕಾರಣ ಒಂದು ಶಿಲೀಂಧ್ರ ಬಿಡೋ ರಸ ಅಂತ ತೋರಿಸಿದ್ರು. ಶಿಲೀಂಧ್ರವನ್ನ ಸೋಸಿ ತೆಗೆದು ಬರೀ ರಸ ಹಾಕಿದ್ರೂ ಪೈರು ಉದ್ದ ಆಯ್ತು. ಆ ರಸದಲ್ಲಿದ್ದ ವಸ್ತುವೇ ಜಿಬ್ಬರೆಲಿನ್. ಗಿಡಗಳೂ ಅದನ್ನ ತಾವೇ ಸ್ವಲ್ಪ ಸ್ವಲ್ಪ ತಯಾರಿಸ್ಕೊಳ್ತವೆ ಅಂತ ಆಮೇಲೆ ಗೊತ್ತಾಯ್ತು. ಇವತ್ತು ಅಂಗಡಿಯಲ್ಲಿ ಸಿಗೋ ಜಿಬ್ಬರೆಲಿಕ್ ಆಸಿಡ್ ಕೂಡ ಅದೇ ಜಾತಿಯ ಶಿಲೀಂಧ್ರ ಬೆಳೆಸಿ ತೆಗೆದದ್ದೇ.

ನಾವು ದುಡ್ಡು ಕೊಟ್ಟು ಹುಡುಕ್ತಿರೋ ಎತ್ತರವನ್ನ ಆ ರೈತರು ರೋಗ ಅಂತ ಗುರುತು ಹಿಡಿದಿದ್ರು. ಪೆದ್ದ ಅಂತ ಕರೆದಿದ್ದು ಸಸಿಯನ್ನ. ನಮ್ಮನ್ನ ನೋಡಿದ್ರೆ ಏನಂತಿದ್ರೋ.

3/8

ಈಗ ಮೊದಲ ಪೋಸ್ಟ್‌ನ ಎರಡು ಹೊಂಗೆಗೆ ವಾಪಸ್ ಬನ್ನಿ. ವರ್ನಿಯರ್ ಕ್ಯಾಲಿಪರ್ ಇಸ್ಕೊಂಡು ಬುಡ ಅಳೆದೆ.

ಎಡಗಡೆಯದು: ಎತ್ತರ 90 ಸೆಂಟಿಮೀಟರ್, ಬುಡದ ದಪ್ಪ 5 ಮಿಲಿಮೀಟರ್.
ಬಲಗಡೆಯದು: ಎತ್ತರ 42 ಸೆಂಟಿಮೀಟರ್, ಬುಡದ ದಪ್ಪ 8 ಮಿಲಿಮೀಟರ್.

ಅರಣ್ಯ ನರ್ಸರಿಗಳಲ್ಲಿ ಒಂದು ಸರಳ ಲೆಕ್ಕ ಇದೆ. ಸೆಂಟಿಮೀಟರ್‌ನಲ್ಲಿರೋ ಎತ್ತರವನ್ನ ಮಿಲಿಮೀಟರ್‌ನಲ್ಲಿರೋ ಬುಡದ ದಪ್ಪದಿಂದ ಭಾಗಿಸೋದು. ಉತ್ತರ ಸುಮಾರು 6 ಅಥವಾ ಅದಕ್ಕಿಂತ ಕಡಿಮೆ ಬಂದ್ರೆ ಸಸಿ ಗಟ್ಟಿ. ಜಾಸ್ತಿ ಆದಷ್ಟೂ ಜೊಳ್ಳು. ನಮ್ಮ ಎಡಗಡೆಯದಕ್ಕೆ 18 ಬಂತು. ಬಲಗಡೆಯದಕ್ಕೆ 5.25.

ಕಾಮರ್ಸ್ ಓದೋರಿಗೆ ಇದಕ್ಕೆ ಒಳ್ಳೆ ಹೆಸರೇ ಇದೆ: ವಿಂಡೋ ಡ್ರೆಸ್ಸಿಂಗ್. ಕಂಪನಿಯ ಆಸ್ತಿ ಒಂದು ರೂಪಾಯಿನೂ ಹೆಚ್ಚಿರಲ್ಲ, ಆದರೆ ವರ್ಷದ ಕೊನೆಯಲ್ಲಿ ಬ್ಯಾಲೆನ್ಸ್ ಶೀಟ್ ಚಂದ ಕಾಣೋ ಹಾಗೆ ಲೆಕ್ಕ ಜೋಡಿಸ್ತಾರೆ. ಸಸಿಯ ಬಂಡವಾಳ ಅಂದ್ರೆ ಎಲೆ ತಯಾರಿಸಿದ ಆಹಾರ, ಬೇರು ಹೀರಿದ ನೀರು-ಸತ್ವ. ಜಿಬ್ಬರೆಲಿನ್ ಸಿಂಪಡಿಸಿದ ತಕ್ಷಣ ಆ ಬಂಡವಾಳ ದುಪ್ಪಟ್ಟಾಗಲ್ಲ. ಕುಡಿಯ ಕೆಳಗಿನ ಕೋಶಗಳು ಹಿಗ್ಗಿ, ಒಂದು ಗೆಣ್ಣಿಗೂ ಇನ್ನೊಂದು ಗೆಣ್ಣಿಗೂ ನಡುವಿನ ಜಾಗ ಉದ್ದ ಆಗುತ್ತೆ. ಇರೋ ಆಹಾರ ಮೇಲಕ್ಕೆ ಖರ್ಚಾದ್ರೆ ಬುಡಕ್ಕೂ ಬೇರಿಗೂ ಉಳಿಯೋದು ಕಡಿಮೆ. ಔಷಧಿಯ ಪ್ರಭಾವ ಇಳಿದ ಮೇಲೆ ಸಸಿ ಮತ್ತೆ ತನ್ನ ಮೊದಲಿನ ವೇಗಕ್ಕೆ ಬರುತ್ತೆ. ಆದರೆ ಎಳೆದಿಟ್ಟ ಕಾಂಡ ವಾಪಸ್ ಕುಗ್ಗಲ್ಲ.

ಪ್ರಮಾಣ, ಜಾತಿ, ಕಾಲ ನೋಡಿ ಇದರ ಫಲ ಬದಲಾಗುತ್ತೆ, ಅದನ್ನೂ ಹೇಳಲೇಬೇಕು. ಒಳ್ಳೆ ಬಿಸಿಲು, ಒಳ್ಳೆ ಗೊಬ್ಬರ ಇದ್ದು ಅಳತೆಯಲ್ಲಿ ಕೊಟ್ರೆ ಕೆಲವು ಜಾತಿಗೆ ಅನುಕೂಲವೂ ಆಗಬಹುದು. ಆದರೆ ಬಾಟಲಿ ಇಲ್ಲದೆಯೂ ಇದೇ ಮೋಸ ನಡೆಯುತ್ತೆ ಅನ್ನೋದು ನೆನಪಿರಲಿ. ಸಸಿಗಳನ್ನ ಒತ್ತೊತ್ತಾಗಿ, ದಟ್ಟ ನೆರಳಲ್ಲಿ ಇಟ್ರೆ ಪಕ್ಕದ ಎಲೆಯಿಂದ ಬರೋ ಬೆಳಕಿನಲ್ಲೇ ಗಿಡಕ್ಕೆ ಪೈಪೋಟಿ ಇದೆ ಅಂತ ಗೊತ್ತಾಗುತ್ತೆ. ತನ್ನದೇ ಹಾರ್ಮೋನ್ ಬಳಸಿ ಬಿಸಿಲು ಹುಡುಕ್ಕೊಂಡು ಮೇಲಕ್ಕೆ ಓಡುತ್ತೆ. ಮೇಲೆ ಯೂರಿಯಾನೂ ಸುರಿದ್ರೆ ಮುಗೀತು. ನನ್ನ ಜಗಳ ಒಂದು ಬಾಟಲಿ ಜೊತೆ ಅಲ್ಲ, ಎತ್ತರವನ್ನೇ ಬೆಳವಣಿಗೆ ಅಂತ ಮಾರೋದರ ಜೊತೆ.

4/8

ಇದರ ಉಲ್ಟಾ ಆಟವೂ ಇದೆ. ಪ್ಯಾಕ್ಲೋಬ್ಯುಟ್ರಜಾಲ್. ಹೆಸರು ಉದ್ದ, ಕೆಲಸ ಗಿಡ್ಡ ಮಾಡೋದು.

ಇದು ಗಿಡದೊಳಗೆ ಜಿಬ್ಬರೆಲಿನ್ ತಯಾರಾಗೋದನ್ನೇ ತಡೆಯುತ್ತೆ. ಗೆಣ್ಣುಗಳು ಹತ್ತಿರ ಹತ್ತಿರ ಬರ್ತವೆ, ಎಲೆ ಕಡುಹಸಿರಾಗುತ್ತೆ, ಕಾಂಡ ಗುಜ್ಜಾಗಿ ಕಾಣುತ್ತೆ. ಮಾವಿನ ತೋಟ ಇರೋ ಮನೆಯವರಿಗೆ 'ಕಲ್ಟಾರ್' ಅನ್ನೋ ಹೆಸರು ಗೊತ್ತಿರುತ್ತೆ, ಅದು ಇದೇ. ದೊಡ್ಡ ಮಾವಿನ ಮರದ ಬುಡದ ಮಣ್ಣಿಗೆ ಹಾಕಿದ್ರೆ ಚಿಗುರು ಕಡಿಮೆ ಆಗಿ ಹೂವಿಗೆ ತಿರುಗುತ್ತೆ. ಅದಕ್ಕೇ ಅಂತಲೇ ಇರೋ ಔಷಧಿ.

ಈಗ ನನ್ನ ವಾದವನ್ನೇ ಹಿಡ್ಕೊಂಡು ಯಾರಾದ್ರೂ ಕೇಳಬಹುದು. "ಗಿಡ್ಡ, ದಪ್ಪ ಸಸಿ ಬೇಕು ಅಂದ್ಯಲ್ಲ ಮಗಾ, ಇದನ್ನ ಹಾಕಿದ್ರೆ ಆಯ್ತಲ್ಲ?"

ಆಗಲ್ಲ. ಈ ವಸ್ತು ಮಣ್ಣಲ್ಲಿ ಬೇಗ ಕರಗಿ ಹೋಗಲ್ಲ. ತಿಂಗಳುಗಟ್ಟಲೆ ಇರುತ್ತೆ, ಕೆಲವು ಮಣ್ಣಲ್ಲಿ ವರ್ಷ ದಾಟಿಯೂ ಇರುತ್ತೆ. ಚೀಲದ ಮಣ್ಣಿಗೆ ಹಾಕಿದ್ದು ಚೀಲದ ಜೊತೆಗೇ ನಿಮ್ಮ ಗುಂಡಿಗೆ ಬರುತ್ತೆ. ನೀವು ನೆರಳಿಗೆ ಅಂತ ನೆಟ್ಟ ಮರ, ಮೇಲಕ್ಕೆ ಹೋಗಬೇಕಾದ ಕಾಲದಲ್ಲಿ ಕೂತಲ್ಲೇ ಕೂರಬಹುದು. ಕುಂಡದಲ್ಲಿಟ್ಟು ಚಂದ ನೋಡೋ ಗಿಡಕ್ಕೆ ಅದು ನಡೆಯಬಹುದು. ಬಿಎಚ್ ರೋಡ್ ಪಕ್ಕ ಮೂವತ್ತು ವರ್ಷ ನಿಲ್ಲಬೇಕಾದ ಮರಕ್ಕೆ ಅದು ಯಾಕೆ?

ಜಿಬ್ಬರೆಲಿನ್ ಕಡಿಮೆ ಇರೋದೇ ಕೆಟ್ಟದ್ದು ಅಂತಲೂ ತಿಳ್ಕೋಬೇಡಿ. ಹಸಿರು ಕ್ರಾಂತಿಯ ಗಿಡ್ಡ ಭತ್ತ ಐಆರ್-8 ಇದ್ಯಲ್ಲ, ಅದರ ಗಿಡ್ಡತನಕ್ಕೆ ಕಾರಣವೇ ಜಿಬ್ಬರೆಲಿನ್ ಕಡಿಮೆ ತಯಾರಾಗೋದು. ತೆನೆ ಭಾರಕ್ಕೆ ಪೈರು ಬೀಳಬಾರದು ಅಂತ ಆರಿಸಿದ ಗುಣ ಅದು. ಅಂದ್ರೆ ಭತ್ತದ ವಿಷಯದಲ್ಲಿ ಇಡೀ ಪ್ರಪಂಚ ಗಿಡ್ಡ, ಗಟ್ಟಿ ಕಾಂಡವನ್ನೇ ಬಯಸ್ತು. ಮರದ ಸಸಿ ಕೊಳ್ಳೋವಾಗ ಮಾತ್ರ ನಮಗೆ ಸೊಂಟದೆತ್ತರ ಬೇಕು.

5/8

"ನೀನು ಕೆಮಿಕಲ್ ವಿರೋಧಿನಾ?" ಅಲ್ಲ. ಈ ಪೋಸ್ಟ್ ಓದಿ, ಆಮೇಲೆ ಹೇಳಿ.

ನಮ್ಮ ರಾಜ್ಯದ್ದೇ ಉದಾಹರಣೆ ತಗೊಳ್ಳಿ, ಶ್ರೀಗಂಧ. 2001ರ ಕಾನೂನು ತಿದ್ದುಪಡಿ ಆದ ಮೇಲೆ ಜಮೀನಿನಲ್ಲಿರೋ ಗಂಧದ ಮರಕ್ಕೆ ಜಮೀನಿನವರೇ ಮಾಲೀಕರು. ಹಾಗಾಗಿ ತುಂಬಾ ರೈತರು ಗಂಧ ಹಾಕೋಕೆ ಮುಂದೆ ಬಂದ್ರು. ಆದರೆ ಗಂಧದ ಬೀಜ ಹಠಮಾರಿ. ಬಿದ್ದ ತಕ್ಷಣ ಮೊಳೆಯಲ್ಲ, ಸುಮಾರು ಎರಡು ತಿಂಗಳು ನಿದ್ದೆ ಮಾಡುತ್ತೆ. ಆ ನಿದ್ದೆ ಬಿಡಿಸೋಕೆ ಬೆಂಗಳೂರಿನ ಮಲ್ಲೇಶ್ವರದಲ್ಲಿರೋ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಹೇಳೋ ವಿಧಾನದಲ್ಲಿ ಬರೋದು ಇದೇ ಜಿಬ್ಬರೆಲಿಕ್ ಆಸಿಡ್. 0.05 ಪರ್ಸೆಂಟ್ ದ್ರಾವಣದಲ್ಲಿ ಬೀಜವನ್ನ ಒಂದು ರಾತ್ರಿ ನೆನೆಸೋದು. ಲೆಕ್ಕ ಹಾಕಿದ್ರೆ ಒಂದು ಲೀಟರ್ ನೀರಿಗೆ ಬರೀ ಅರ್ಧ ಗ್ರಾಂ. ಅಲ್ಲಿಗೆ ಅದರ ಕೆಲಸ ಮುಗೀತು. ಮೊಳಕೆ ಬಂದ ಮೇಲೆ ಸಸಿ ತನ್ನ ಪಾಡಿಗೆ ತಾನು ಬೆಳೆಯುತ್ತೆ, ಪಕ್ಕದಲ್ಲಿ ಬೇರು ಹಂಚಿಕೊಳ್ಳೋಕೆ ಒಂದು ತೊಗರಿ ಗಿಡ ಇದ್ರೆ ಸಾಕು.

ನೆಡೋಕೆ ಎಂಥ ಗಂಧದ ಸಸಿ ಆರಿಸಬೇಕು ಅಂತಲೂ ಅವರು ಹೇಳಿದ್ದಾರೆ. ಸುಮಾರು ಒಂದು ಅಡಿ ಎತ್ತರ, ಚೆನ್ನಾಗಿ ಕವಲೊಡೆದದ್ದು, ಕಾಂಡ ಕಂದು ಬಣ್ಣಕ್ಕೆ ತಿರುಗಿದ್ದು. ಕಂದು ಅಂದ್ರೆ ಕಾಂಡ ಬಲಿತು ಗಟ್ಟಿ ಆಗಿದೆ ಅಂತ ಅರ್ಥ. ಅದೇ ಪದಾರ್ಥವನ್ನ ಬೀಜಕ್ಕೆ ಬಳಸೋ ವಿಜ್ಞಾನಿಗಳೇ ಸಸಿ ಆರಿಸೋವಾಗ ಉದ್ದ ಕೇಳ್ತಿಲ್ಲ, ನೋಡಿ.

ಇನ್ನೊಂದು ಉದಾಹರಣೆ ಬೇರು ಬರಿಸೋ ಪುಡಿ. ದಾಳಿಂಬೆ ಕಡ್ಡಿ, ದಾಸವಾಳದ ಕಡ್ಡಿ ನೆಡೋ ಮೊದಲು ಬುಡಕ್ಕೆ ಹಚ್ಚೋ ಪುಡಿಯಲ್ಲಿ ಇಂಡೋಲ್ ಬ್ಯುಟೈರಿಕ್ ಆಸಿಡ್ ಇರುತ್ತೆ. ಅದು ಆಕ್ಸಿನ್ ಗುಂಪಿಗೆ ಸೇರಿದ್ದು. ಗಿಡದ ತುದಿ ಕುಡಿಯಲ್ಲಿ ಹುಟ್ಟೋ ಆಕ್ಸಿನ್ ಕೆಳಕ್ಕೆ ಇಳಿದು ಬರೋದರಿಂದಲೇ ಪಕ್ಕದ ಮೊಗ್ಗುಗಳು ಸುಮ್ಮನಿರ್ತವೆ. ನಿಮ್ಮ ಅಜ್ಜಿ ಸೇವಂತಿಗೆ ಕುಡಿ ಚಿವುಟೋದು ನೋಡಿದ್ದೀರಲ್ಲ? ಚಿವುಟಿದ ಮೇಲೆ ಗಿಡ ಪೊದೆ ಆಗೋದು ಅದಕ್ಕೇ. ಅಜ್ಜಿ ಬೆರಳಲ್ಲೇ ಹಾರ್ಮೋನ್ ಲೆಕ್ಕ ಸರಿ ಮಾಡ್ತಿದ್ರು.

ಹಾಗಾಗಿ ಯಾವುದಕ್ಕೆ, ಎಷ್ಟು, ಯಾವಾಗ ಅಂತ ಹೇಳಿ ಬಳಸೋರ ಜೊತೆ ನನಗೆ ತಕರಾರಿಲ್ಲ. ಲೇಬಲ್ ಇಲ್ಲದ 'ಟಾನಿಕ್' ಬಾಟಲಿ, ಅದರಲ್ಲಿ ಏನಿದೆ ಅಂತ ಕೇಳಿದ್ರೆ "ಗ್ರೋತ್ ಬರುತ್ತೆ ಬಿಡಿ" ಅನ್ನೋ ಉತ್ತರ, ತಕರಾರು ಅದಕ್ಕೆ. ಜಿಬ್ಬರೆಲಿಕ್ ಆಸಿಡ್, ಪ್ಯಾಕ್ಲೋಬ್ಯುಟ್ರಜಾಲ್ ಎರಡೂ 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿ ಆಗಬೇಕಾದ ವಸ್ತುಗಳು. ಯಾವ ಬೆಳೆಗೆ, ಎಷ್ಟು ಪ್ರಮಾಣ ಅಂತ ಲೇಬಲ್ ಮೇಲೆ ಇರಲೇಬೇಕು. ಕೇಳೋದು ನಮ್ಮ ಹಕ್ಕು.

6/8

ಈಗ ಗುಬ್ಬಿಗೆ ಹೋಗೋಣ. ಚೇಳೂರಿನ 'ಸಿದ್ದು' ಹಲಸು ತಿಂದವರು ಕೈ ಎತ್ತಿ.

ಗೊತ್ತಿಲ್ಲದವರಿಗೆ: ಗುಬ್ಬಿ ತಾಲ್ಲೂಕಿನ ಚೇಳೂರಿನ ಒಂದು ತೋಟದಲ್ಲಿದ್ದ ಒಂದೇ ಒಂದು ಮರ, ತಾಮ್ರಗೆಂಪು ತೊಳೆ, ಸಣ್ಣ ಹಣ್ಣು. ಮರ ನೆಟ್ಟವರ ಹೆಸರನ್ನೇ ತಳಿಗೂ ಇಟ್ರು. ನಮ್ಮ ತುಮಕೂರು ಪಕ್ಕದ ಹಿರೇಹಳ್ಳಿಯಲ್ಲಿರೋ ತೋಟಗಾರಿಕಾ ಪ್ರಯೋಗ ಕೇಂದ್ರದವರು ಅದನ್ನ ಗುರುತಿಸಿ, ಕಸಿ ಸಸಿ ಮಾಡಿ, ಬೇರೆ ರೈತರಿಗೆ ಸಿಗೋ ಹಾಗೆ ಮಾಡಿದ್ರು.

ಕಸಿ ಯಾಕೆ? ಹಲಸಿನ ಬೀಜ ಹಾಕಿದ್ರೆ ತಾಯಿ ಮರದ ಹಣ್ಣೇ ಬರುತ್ತೆ ಅಂತ ಗ್ಯಾರಂಟಿ ಇಲ್ಲ. ಅದಕ್ಕೆ ಬೀಜದಿಂದ ಎದ್ದ ಸಾಮಾನ್ಯ ಹಲಸಿನ ಸಸಿಯ ಮೇಲೆ ಸಿದ್ದು ಮರದ ಕಡ್ಡಿ ಕೂರಿಸ್ತಾರೆ. ಕೂರಬೇಕು ಅಂದ್ರೆ ಎರಡರ ಕ್ಯಾಂಬಿಯಂ ಪದರ ಒಂದಕ್ಕೊಂದು ತಾಗಬೇಕು. ತಾಗಬೇಕು ಅಂದ್ರೆ ಎರಡರ ದಪ್ಪವೂ ಹೆಚ್ಚುಕಡಿಮೆ ಒಂದೇ ಇರಬೇಕು. ಪೆನ್ಸಿಲ್ ದಪ್ಪದ ಕಡ್ಡಿಯನ್ನ ರೀಫಿಲ್ ದಪ್ಪದ ಸಸಿ ಮೇಲೆ ಹೇಗೆ ಕೂರಿಸ್ತೀರಾ? ಅಲ್ಲದೆ ಕಸಿ ಮಾಡೋವಾಗ ಬುಡದ ಸಸಿಯ ತಲೆಯನ್ನ ಹೇಗಿದ್ರೂ ಕತ್ತರಿಸಿ ಬಿಸಾಕ್ತಾರೆ. ಅಷ್ಟು ಕಷ್ಟಪಟ್ಟು ಎಳೆದ ಎತ್ತರಕ್ಕೆ ಅಲ್ಲಿ ಸಿಗೋ ಬೆಲೆ ಇಷ್ಟೇ.

ಗುಬ್ಬಿ ಕಡೆಯ ಒಂದು ಮನೆಯನ್ನ ಯೋಚನೆ ಮಾಡಿ. ಅರ್ಧ ಎಕರೆಗೆ ಹಲಸು ಹಾಕೋಣ ಅಂತ ಸಾಲ ಮಾಡಿ ಸಸಿ ತಂದಿದ್ದಾರೆ. ಬುಡ ಜೊಳ್ಳಾಗಿದ್ರೆ ಅದು ಗೊತ್ತಾಗೋದು ನಾಳೆ ಅಲ್ಲ, ವರ್ಷಗಳಾದ ಮೇಲೆ. ಅಷ್ಟು ಹೊತ್ತಿಗೆ ಮಾರಿದವರ ರಸೀದಿ ಇರಲ್ಲ, ಆ ಜಾಗದಲ್ಲಿ ಬೇರೆ ಬೆಳೆ ತೆಗೆಯೋ ಅವಕಾಶವೂ ಹೋಗಿರುತ್ತೆ. ಆಪರ್ಚುನಿಟಿ ಕಾಸ್ಟ್ ಅಂತ ನಾವು ಪರೀಕ್ಷೆಗೆ ಎರಡು ಮಾರ್ಕ್ಸ್‌ಗೆ ಬರೀತೀವಲ್ಲ, ಅವರಿಗೆ ಅದು ಮನೆ ಖರ್ಚು.

7/8

ಹಾಗಾದ್ರೆ ತಪ್ಪು ಯಾರದ್ದು? ಒಂದು ನರ್ಸರಿಯಲ್ಲಿ ಇದನ್ನೇ ಕೇಳಿದೆ. ಹೆಸರು ಬೇಡ, ಅಣ್ಣ ಪ್ರಾಮಾಣಿಕವಾಗೇ ಹೇಳಿದ್ರು. "ಗಟ್ಟಿ ಸಸಿ ಮಾಡಿ ಇಟ್ರೆ ಗಿಡ್ಡ ಅಂತ ಯಾರೂ ಮುಟ್ಟಲ್ಲಪ್ಪ. ಉದ್ದದ್ದು ಮಧ್ಯಾಹ್ನದೊಳಗೆ ಖಾಲಿ."

ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆ ಕಾರುಗಳ ಮಾರುಕಟ್ಟೆ ಬಗ್ಗೆ ಬರೆದದ್ದು ನೆನಪಿದೆಯಾ? ಕೊಳ್ಳೋನಿಗೆ ಒಳಗಿನ ಗುಣಮಟ್ಟ ಕಾಣದೇ ಇದ್ರೆ ಒಳ್ಳೆ ಮಾಲು ಮಾರೋನು ಮಾರುಕಟ್ಟೆಯಿಂದ ಹೊರಗೆ ಹೋಗ್ತಾನೆ, ಕೆಟ್ಟದ್ದು ಉಳಿಯುತ್ತೆ. ಸಸಿ ಮಾರುಕಟ್ಟೆಯಲ್ಲೂ ಅದೇ. ಬೇರು ಚೀಲದೊಳಗೆ, ಕಾಣಲ್ಲ. ಬುಡ ಯಾರೂ ಬಗ್ಗಿ ನೋಡಲ್ಲ. ಕಾಣೋದು ಎತ್ತರ ಮಾತ್ರ. ಎತ್ತರಕ್ಕೆ ದುಡ್ಡು ಕೊಡ್ತಾ ಹೋದ್ರೆ ಎತ್ತರವನ್ನೇ ತಯಾರಿಸ್ತಾರೆ, ಔಷಧಿಯಿಂದಲೋ, ನೆರಳಿಂದಲೋ, ಯೂರಿಯಾದಿಂದಲೋ.

ಲೆಕ್ಕಕ್ಕೆ ಅಂತ ಸಂಖ್ಯೆ ಇಟ್ಕೊಳ್ಳಿ. 60 ರೂಪಾಯಿಯ 100 ಸಸಿ, ಬದುಕಿದ್ದು 40. ಖರ್ಚು 6,000. ಬದುಕಿದ ಒಂದು ಮರಕ್ಕೆ 150 ರೂಪಾಯಿ. ಇನ್ನೊಂದು ಕಡೆ 80 ರೂಪಾಯಿಯ 100 ಸಸಿ, ಬದುಕಿದ್ದು 80. ಖರ್ಚು 8,000. ಒಂದು ಮರಕ್ಕೆ 100 ರೂಪಾಯಿ. ಯಾವುದು ಅಗ್ಗ? ಗುಂಡಿ ತೋಡಿದ ಕೂಲಿ, ನೀರು, ಟ್ರ್ಯಾಕ್ಟರ್ ಬಾಡಿಗೆ ಇನ್ನೂ ಸೇರಿಸಿಲ್ಲ.

ಬದುಕಿದ್ದಕ್ಕೆ ದುಡ್ಡು ಕೊಡೋ ಪದ್ಧತಿ ನಮ್ಮಲ್ಲಿ ಆಗಲೇ ಇದೆ ಅನ್ನೋದೇ ಖುಷಿ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ 2011-12ರಲ್ಲಿ ಶುರುವಾಯ್ತು. ಇಲಾಖೆ ನರ್ಸರಿಯಿಂದ ಸಸಿ ತಂದು ನೆಟ್ಟ ರೈತರಿಗೆ, ಬದುಕಿರೋ ಪ್ರತಿ ಸಸಿಗೆ ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50, ಒಟ್ಟು 125 ರೂಪಾಯಿ. ಎಷ್ಟು ಉದ್ದ ಅಂತ ಅಲ್ಲಿ ಯಾರೂ ಟೇಪ್ ಹಿಡಿಯಲ್ಲ. ಇದ್ಯಾ, ಇಲ್ವಾ, ಅಷ್ಟೇ ಪ್ರಶ್ನೆ. ರೈತರಿಗೆ ಇಟ್ಟ ಈ ನಿಯಮವನ್ನ ನಮ್ಮ ಕಾಲೇಜುಗಳ ವನಮಹೋತ್ಸವಕ್ಕೆ ಯಾಕೆ ಇಡಬಾರದು?

8/8

ಜೂನ್‌ನಲ್ಲಿ ನೆಡ್ತೀವಿ. ಅದಾದ ಮೇಲೆ ಬರೋದು ಆಷಾಢ. ಆಷಾಢದ ಗಾಳಿ ಹೇಗಿರುತ್ತೆ ಅಂತ ಕುಣಿಗಲ್ ರೋಡಲ್ಲಿ ಬೈಕ್ ಓಡಿಸಿದವರನ್ನ ಕೇಳಿ. 18ರ ಲೆಕ್ಕದ ಸಸಿ ಮೊದಲು ತಲೆ ಕೊಡೋದು ಆ ಗಾಳಿಗೆ.

ಆದರೆ ಗಾಳಿಯೇ ಮದ್ದು ಕೂಡ. ಅಲ್ಲಾಡಿದ ಕಾಂಡ ಗಿಡ್ಡವಾಗಿ, ದಪ್ಪವಾಗಿ, ಗಟ್ಟಿಯಾಗಿ ಬೆಳೆಯುತ್ತೆ. ಗಿಡದ ಈ ಗುಣವನ್ನ ಮಾರ್ಡೆಕೈ ಜಾಫೆ ಅನ್ನೋ ವಿಜ್ಞಾನಿ 1973ರಲ್ಲಿ ಹೆಸರಿಟ್ಟು ವಿವರಿಸಿದ್ರು. ನರ್ಸರಿಯಲ್ಲೇ ಸಸಿಗಳ ನಡುವೆ ಜಾಗ ಬಿಟ್ಟು, ಗಾಳಿ ಆಡೋಕೆ ಬಿಟ್ಟು, ನೆಡೋ ಕೆಲವು ವಾರ ಮುಂಚೆ ನೆರಳು-ನೀರು ಕಡಿಮೆ ಮಾಡಿ ಬಿಸಿಲಿಗೆ ಒಗ್ಗಿಸಿದ್ರೆ ಬುಡ ತಾನಾಗೇ ಬಲಿಯುತ್ತೆ. ಬಾಟಲಿ ಬೇಡ, ಖರ್ಚಿಲ್ಲ. ಸ್ವಲ್ಪ ಜಾಗ, ಸ್ವಲ್ಪ ತಾಳ್ಮೆ ಬೇಕು.

ತಾಳ್ಮೆ ಅಂದ್ರೆ ಸಾಲುಮರದ ತಿಮ್ಮಕ್ಕ. ನಮ್ಮ ಗುಬ್ಬಿ ತಾಲ್ಲೂಕಲ್ಲಿ ಹುಟ್ಟಿ, ಕುಣಿಗಲ್‌ಗೆ ದೂರವಲ್ಲದ ಹುಲಿಕಲ್‌ಗೆ ಮದುವೆ ಆಗಿ ಹೋದವರು. ಪತಿ ಚಿಕ್ಕಯ್ಯ ಅವರ ಜೊತೆ ಹುಲಿಕಲ್-ಕುದೂರು ರಸ್ತೆಯಲ್ಲಿ 385 ಆಲದ ಮರ ಬೆಳೆಸಿದ್ರು. ಮೊದಲ ವರ್ಷ ನೆಟ್ಟಿದ್ದು ಹತ್ತೇ ಸಸಿ. ಮರುವರ್ಷ ಹದಿನೈದು, ಅದರ ಮುಂದಿನ ವರ್ಷ ಇಪ್ಪತ್ತು. ನೀರು ಹೊತ್ತು ತಂದು ಹಾಕಿದ್ರು, ದನ ತಿನ್ನದ ಹಾಗೆ ಮುಳ್ಳು ಕಟ್ಟಿದ್ರು. ಉಳಿಸೋಕೆ ಆಗೋವಷ್ಟೇ ನೆಟ್ರು. ನಾವು ಒಂದೇ ದಿನ ನೂರು ನೆಟ್ಟು ಫೋಟೋ ಹಾಕ್ತೀವಿ.

ಹಾಗಾಗಿ ಈ ಸಲ ನರ್ಸರಿಗೆ ಹೋದಾಗ ನೀವು ಮಾಡಬೇಕಾದ್ದು:

• ಎತ್ತರ ನೋಡೋ ಮೊದಲು ಬಗ್ಗಿ ಬುಡ ನೋಡಿ. ಸ್ಕೇಲ್ ಇದ್ರೆ ಅಳೆಯಿರಿ, ಭಾಗಿಸಿ. 6ರ ಆಸುಪಾಸು ಇದ್ರೆ ತಗೊಳ್ಳಿ.
• ಗೆಣ್ಣುಗಳ ನಡುವೆ ಜಾಗ ತೀರಾ ಉದ್ದ, ಎಲೆ ಬಿಳಚು, ಕೋಲು ತೆಗೆದ್ರೆ ಸಸಿ ಮಲಗುತ್ತೆ ಅಂದ್ರೆ ಬೇಡ.
• ಒಂದು ಸಸಿಯ ಚೀಲ ಬಿಚ್ಚಿ ತೋರಿಸೋಕೆ ಹೇಳಿ. ಬೇರು ಸುರುಳಿ ಸುತ್ತಿದ್ರೆ ಅದೂ ಬೇಡ.
• "ಏನು ಹೊಡೆದಿದ್ದೀರಾ ಅಣ್ಣ?" ಅಂತ ಕೇಳಿ. ಲೇಬಲ್ ತೋರಿಸಿದ್ರೆ ಓದಿ.
• ನೆಟ್ಟ ಮೇಲೆ ಊರುಗೋಲು ಕೊಡಿ, ಆದರೆ ಸಡಿಲ ಕಟ್ಟಿ. ಸ್ವಲ್ಪ ಅಲ್ಲಾಡಲಿ.
• ಗಿಡ್ಡ ಗಟ್ಟಿ ಸಸಿಗೆ ಹತ್ತು ರೂಪಾಯಿ ಜಾಸ್ತಿ ಆದ್ರೂ ಕೊಡಿ. ಆ ಅಣ್ಣ ಮುಂದಿನ ವರ್ಷ ಅದನ್ನೇ ಬೆಳೆಸ್ತಾರೆ.

ನಮ್ಮ ಕಾಲೇಜಿನವರಿಗೆ, ಅಕ್ಕಪಕ್ಕದ ಕಾಲೇಜಿನವರಿಗೆ ಒಂದೇ ಬೇಡಿಕೆ. ಬರೋ ಜೂನ್ 5ಕ್ಕೆ ಹೊಸ ಸಸಿಯ ಫೋಟೋ ಹಾಕೋ ಮೊದಲು ಹೋದ ವರ್ಷದ ಗುಂಡಿಗಳ ಲೆಕ್ಕ ಹಾಕಿ. ನೆಟ್ಟದ್ದು ಎಷ್ಟು, ನಿಂತಿರೋದು ಎಷ್ಟು, ಎರಡೂ ಬ್ಯಾನರ್ ಮೇಲೆ ಬರೀರಿ. ಬರೆಯೋಕೆ ನಾಚಿಕೆ ಆದ್ರೆ ಈ ಸಲ ಹತ್ತೇ ನೆಡಿ.

#ತುಮಕೂರು #ಗುಬ್ಬಿ #ಕುಣಿಗಲ್ #ಬುಡನೋಡಿಸಸಿತನ್ನಿ #ನಿಂತಿರೋದುಎಷ್ಟು